ಫಾರ್ವರ್ಡ್ ಮಾಡುವ ಮುನ್ನ: ಹೇಳಿದವರು ಯಾರು?

ಒಂದು ಮಧ್ಯಾಹ್ನ ನಮ್ಮ ಕುಟುಂಬದ ವಾಟ್ಸಪ್ ಗುಂಪಿಗೆ ಸಂದೇಶವೊಂದು ಬಂತು. ಮಗುವಿನ ಭಾವಚಿತ್ರ, ಕಾಣೆಯಾಗಿದೆ ಎಂಬ ನಾಲ್ಕು ಸಾಲು, ಕೆಳಗೊಂದು ಫೋನ್ ನಂಬರ್. ನಾವು ಕ್ಷಣವೂ ಯೋಚಿಸದೆ ಅದನ್ನು ಐದು ಗುಂಪುಗಳಿಗೆ ದಾಟಿಸಿದೆವು. ಒಳ್ಳೆಯ ಕೆಲಸ ಮಾಡಿದ ಸಮಾಧಾನ ನಮ್ಮದಾಗಿತ್ತು. ರಾತ್ರಿ ಮನಸ್ಸು ತಡೆಯದೆ ಆ ನಂಬರಿಗೆ ಕರೆ ಮಾಡಿದೆವು. ಅತ್ತ ಕಡೆಯಿಂದ ಮಾತಾಡಿದ ತಾಯಿಯ ದನಿ ದಣಿದಿತ್ತು. ಮಗು ಆ ದಿನ ಸಂಜೆಯೇ ಸಿಕ್ಕಿತ್ತಂತೆ. ಅದಾಗಿ ಎರಡು ವರ್ಷವಾಗಿದೆ, ಕರೆಗಳು ಮಾತ್ರ ನಿಂತಿಲ್ಲ. "ನಿಮಗೆ ಇದನ್ನು ಕಳುಹಿಸಿದವರು ಯಾರು?" ಎಂದು ಆಕೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಸಣ್ಣ ತಪ್ಪು, ಸದುದ್ದೇಶದಿಂದ ಆದದ್ದು ಎಂದು ನಾವು ಸುಮ್ಮನಾಗಬಹುದಿತ್ತು. ಆದರೆ ಇದೇ ಅವಸರ, ಇದೇ ಸದುದ್ದೇಶ ಬೇರೆಡೆ ಜೀವಗಳನ್ನು ಬಲಿ ಪಡೆದಿದೆ. 2018ರಲ್ಲಿ ದೇಶದ ಹಲವೆಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಹರಿದಾಡಿತು. ಕಳುಹಿಸಿದವರೆಲ್ಲ ದುಷ್ಟರಾಗಿರಲಿಲ್ಲ. ಎಷ್ಟೋ ಮಂದಿ ತಮ್ಮ ಮಕ್ಕಳ ಮೇಲಿನ ಮಮತೆಯಿಂದಲೇ ಕಳುಹಿಸಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಬಲಿಯಾದರು. ಜುಲೈ 13ರಂದು ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಮುಸ್ಲಿಮ್ ಇಂಜಿನಿಯರ್ ಒಬ್ಬರು ಪ್ರಾಣ ಕಳಕೊಂಡರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತು. ಅವರ ಕಾರು ಮುಂದಿನ ಹಳ್ಳಿಯನ್ನು ಮುಟ್ಟುವ ಮೊದಲೇ ಸಂದೇಶ ಅಲ್ಲಿಗೆ ಮುಟ್ಟಿತ್ತು.

ವದಂತಿಯ ಪೆಟ್ಟು ಎಂಥದ್ದೆಂದು ಈ ನಾಡಿನ ಮುಸ್ಲಿಮರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2012ರ ಆಗಸ್ಟ್ ತಿಂಗಳಲ್ಲಿ, ರಮಝಾನ್ ಮುಗಿದ ಬಳಿಕ ಮುಸ್ಲಿಮರು ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಮಾಡುತ್ತಾರೆಂಬ ಎಸ್ಸೆಮ್ಮೆಸ್ಸುಗಳು ಹಬ್ಬಿದವು. ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ರಾಜ್ಯದ ಗೃಹ ಸಚಿವರು ನಿಲ್ದಾಣಕ್ಕೇ ಹೋಗಿ ಬೇಡಿಕೊಂಡರೂ ಭೀತಿ ಕರಗಲಿಲ್ಲ. 2020ರಲ್ಲಿ ಕೊರೋನಾ ಕಾಲಿಟ್ಟಾಗ ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ಹಳೆಯ, ಸಂಬಂಧವಿಲ್ಲದ ವೀಡಿಯೋಗಳು ಹರಿದಾಡಿದವು. ತರಕಾರಿ ಮಾರುವ ಬಡ ವ್ಯಾಪಾರಿಯನ್ನು ಹೆಸರು ಕೇಳಿ ಬೀದಿಯಿಂದ ಹೊರಗಟ್ಟಲಾಯಿತು. ಆ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಗಿದೆಯೆಂದು ಅಭಿಪ್ರಾಯಪಟ್ಟಿತು. ಆದರೆ ಆ ವೀಡಿಯೋಗಳನ್ನು ನೋಡಿದವರಲ್ಲಿ ಎಷ್ಟು ಮಂದಿ ಆ ತೀರ್ಪನ್ನು ಓದಿದ್ದಾರು?

ಈ ಅನಾಹುತದಲ್ಲಿ ಕಂಪೆನಿಗಳ ಪಾಲೆಷ್ಟು? ಅದನ್ನು ಮರೆಮಾಚುವುದು ಅನ್ಯಾಯವಾದೀತು. ವಾಟ್ಸಪ್‌ನ ಒಡೆತನವಿರುವ ಮೆಟಾ ಕಂಪೆನಿಯ 2023ರ ಆದಾಯ ಸುಮಾರು 13,500 ಕೋಟಿ ಡಾಲರ್. ಅದರ ಬಹುಪಾಲು ಬಂದದ್ದು ಜಾಹೀರಾತಿನಿಂದ. ಜಾಹೀರಾತಿನ ಬೆಲೆ ನಿಂತಿರುವುದು ನಾವು ಪರದೆಯ ಮುಂದೆ ಎಷ್ಟು ಹೊತ್ತು ಕುಳಿತಿರುತ್ತೇವೆ ಎಂಬುದರ ಮೇಲೆ. ಮನುಷ್ಯನನ್ನು ಪರದೆಗೆ ಕಟ್ಟಿಹಾಕುವುದರಲ್ಲಿ ಕೋಪಕ್ಕೆ ಮಿಗಿಲಾದ ಹಗ್ಗವಿಲ್ಲ. 2017ರಿಂದ ಕೆಲ ಕಾಲ ಫೇಸ್‌ಬುಕ್‌ನ ಲೆಕ್ಕಾಚಾರದಲ್ಲಿ, ಕೋಪದ ಮುಖವೂ ಸೇರಿದಂತೆ ಭಾವನೆ ಸೂಚಿಸುವ ಚಿಹ್ನೆಗಳಿಗೆ 'ಲೈಕ್'ಗಿಂತ ಐದು ಪಟ್ಟು ಹೆಚ್ಚು ಬೆಲೆಯಿತ್ತು. 2021ರಲ್ಲಿ ಆ ಕಂಪೆನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ ಹೊರಗೆಡವಿದ ಆಂತರಿಕ ಕಡತಗಳಿಂದ ಇದು ಲೋಕಕ್ಕೆ ತಿಳಿಯಿತು. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಮುಸ್ಲಿಮರ ವಿರುದ್ಧ ದ್ವೇಷ ಹರಡಲು ತನ್ನ ವೇದಿಕೆ ಬಳಕೆಯಾಗುವುದನ್ನು ತಡೆಯಲು ಸಾಕಷ್ಟು ಮಾಡಲಿಲ್ಲವೆಂದು 2018ರಲ್ಲಿ ಆ ಕಂಪೆನಿಯೇ ಒಪ್ಪಿಕೊಂಡಿತು. ಆ ಹೊತ್ತಿಗೆ ಲಕ್ಷಾಂತರ ರೋಹಿಂಗ್ಯಾಗಳು ಬಾಂಗ್ಲಾದೇಶದ ಶಿಬಿರಗಳಲ್ಲಿದ್ದರು.

ಮುರ್ಕಿಯ ಘಟನೆ ನಡೆದ ವಾರದೊಳಗೆ ವಾಟ್ಸಪ್ ಭಾರತದಲ್ಲಿ ಒಂದು ಮಿತಿಯನ್ನು ಪ್ರಕಟಿಸಿತು: ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು. 2012ರ ಭೀತಿಯ ದಿನಗಳಲ್ಲಿ ಕೇಂದ್ರ ಸರಕಾರವೂ ಗುಂಪಾಗಿ ಕಳುಹಿಸುವ ಎಸ್ಸೆಮ್ಮೆಸ್ಸಿಗೆ ಐದರ ಮಿತಿಯನ್ನೇ ಹೇರಿತ್ತು. ಆದರೆ ಐದು ಎಂಬುದು ಸಣ್ಣ ಸಂಖ್ಯೆಯೇ? 2018ರಲ್ಲಿ ಒಂದು ಗುಂಪಿನಲ್ಲಿ 256 ಮಂದಿ ಇರಬಹುದಿತ್ತು. ಐದು ಗುಂಪೆಂದರೆ 1,280 ಮಂದಿ. ನಮ್ಮ ಊರುಗಳ ಎಷ್ಟು ಮಸೀದಿಗಳಲ್ಲಿ ಜುಮಾಕ್ಕೆ ಅಷ್ಟು ಜನ ಸೇರುತ್ತಾರೆ? ಖತೀಬರು ಮಿಂಬರ್ ಹತ್ತುವ ಮುನ್ನ ವಾರವಿಡೀ ಸಿದ್ಧತೆ ಮಾಡುತ್ತಾರೆ. ನಾವಾದರೋ ಚಹಾ ಕುಡಿಯುತ್ತಾ ಹೆಬ್ಬೆರಳಿನಿಂದ ಅದಕ್ಕಿಂತ ದೊಡ್ಡ ಸಭೆಯನ್ನು ಉದ್ದೇಶಿಸಿ ಮಾತಾಡುತ್ತೇವೆ.

2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ದಾಟಿಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳುಹಿಸಬಹುದೆಂಬ ನಿಯಮ ಬಂತು. ಅಂಥ ಸಂದೇಶಗಳು ಶೇಕಡಾ 70ರಷ್ಟು ಇಳಿದವೆಂದು ಕಂಪೆನಿಯೇ ಹೇಳಿಕೊಂಡಿತು. ಅಂದರೆ, ಬೆರಳು ತುಸು ನಿಧಾನವಾದರೆ ಸಾಕು, ವದಂತಿಯ ಕಾಲು ಕುಂಟುತ್ತದೆ. ಕಂಪೆನಿಗೆ ಈ ನಿಧಾನವನ್ನು ಕಲಿಯಲು ಹೆಣಗಳು ಬೀಳಬೇಕಾಯಿತು. ನಾವೂ ಅಲ್ಲಿಯ ತನಕ ಕಾಯಬೇಕೇ?

ವದಂತಿಯಿಂದ ಇಷ್ಟೊಂದು ನೊಂದ ಸಮುದಾಯಕ್ಕೆ ಇತರರಿಗಿಂತ ಹೆಚ್ಚಿನ ಎಚ್ಚರವಿರಬೇಕಿತ್ತು. ಇದೆಯೇ? ನಮ್ಮ ಗುಂಪುಗಳನ್ನೊಮ್ಮೆ ತೆರೆದು ನೋಡೋಣ. ಯಾವ ಗ್ರಂಥದಲ್ಲೂ ಇಲ್ಲದ ಮಾತುಗಳು ಪ್ರವಾದಿ(ಸ)ರ ಹೆಸರಿನಲ್ಲಿ ಬರುತ್ತವೆ. ಹತ್ತು ಮಂದಿಗೆ ಕಳುಹಿಸಿದರೆ ಶುಭವಾರ್ತೆ, ಅಳಿಸಿದರೆ ಆಪತ್ತು ಎಂಬ ಬೆದರಿಕೆ ಅದರ ಬಾಲಕ್ಕಿರುತ್ತದೆ. ಎಲ್ಲಿಯದೋ, ಯಾವ ವರ್ಷದ್ದೋ ರಕ್ತಸಿಕ್ತ ಚಿತ್ರಕ್ಕೆ ಇಂದಿನ ದಿನಾಂಕ ಅಂಟಿರುತ್ತದೆ. ಊರಿನ ಹೆಣ್ಣುಮಗಳೊಬ್ಬಳ ಫೋಟೋದೊಂದಿಗೆ ಅಪವಾದವೊಂದು ಜಮಾಅತ್‌ನ ಗುಂಪಿನಲ್ಲೇ ಸುತ್ತುತ್ತದೆ. ಅದನ್ನು ಕಳುಹಿಸಿದವರಿಗೆ ಮರುದಿನ ನೆನಪೂ ಇರುವುದಿಲ್ಲ. ಆಕೆಯ ತಂದೆಯಾದರೋ ಮಸೀದಿಗೆ ಬರುವುದನ್ನೇ ನಿಲ್ಲಿಸುತ್ತಾರೆ.

ದುರಂತವೆಂದರೆ, "ಹೇಳಿದವರು ಯಾರು?" ಎಂಬ ಪ್ರಶ್ನೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ ಪರಂಪರೆ ನಮ್ಮದು. ಹಿಜರಿ ಮೂರನೇ ಶತಮಾನದಲ್ಲಿ ಇಮಾಮ್ ಬುಖಾರಿ ಹದೀಸ್‌ಗಳನ್ನು ಅರಸುತ್ತಾ ಊರಿಂದೂರಿಗೆ ಅಲೆದರು. ಒಂದು ಮಾತು ಕಿವಿಗೆ ಬಿದ್ದರೆ ಸಾಕಾಗುತ್ತಿರಲಿಲ್ಲ. ಅದು ಯಾರಿಂದ ಯಾರಿಗೆ ಬಂತೆಂಬ ಸನದು ಬೇಕಿತ್ತು. ಆ ಸರಪಳಿಯ ಪ್ರತಿಯೊಬ್ಬನೂ ಸತ್ಯವಂತನೇ, ನೆನಪು ಗಟ್ಟಿಯೇ, ತಾನು ಹೆಸರಿಸುವ ವ್ಯಕ್ತಿಯನ್ನು ನಿಜವಾಗಿ ಭೇಟಿಯಾಗಿದ್ದನೇ ಎಂದು ಪರಿಶೀಲಿಸಲಾಗುತ್ತಿತ್ತು. ವರದಿಗಾರರ ಚರಿತ್ರೆಗೆಂದೇ ಗ್ರಂಥಗಳ ಸಾಲುಗಳು ಹುಟ್ಟಿಕೊಂಡವು. ಬಂದ ಸುದ್ದಿಯನ್ನು ಪರಿಶೀಲಿಸುವ ಹೊಣೆ ಕೇಳಿದವನದ್ದು ಎಂಬ ಪಾಠ ಸೂರಃ ಅಲ್ ಹುಜುರಾತ್‌ನಲ್ಲೇ ಇದೆ. ಆ ವಿದ್ವಾಂಸರ ವಾರಸುದಾರರೆಂದು ಹೆಮ್ಮೆಪಡುವ ನಾವು ಸನದಿನ ಜಾಗದಲ್ಲಿ 'ಫಾರ್ವರ್ಡೆಡ್' ಎಂಬ ಒಂದೇ ಪದವನ್ನು ಕಂಡು ತೃಪ್ತರಾಗುತ್ತಿದ್ದೇವೆ.

ಹಾಗೆಂದು ಮೊಬೈಲನ್ನು ಬಾವಿಗೆ ಎಸೆಯಬೇಕೆಂದು ನಾವು ಹೇಳುವುದಿಲ್ಲ. ಗಲ್ಫ್‌ನಲ್ಲಿರುವ ಮಗನ ಮುಖವನ್ನು ತಾಯಿಗೆ ತೋರಿಸುವುದೂ ಅದೇ, ರಾತ್ರೋರಾತ್ರಿ ರಕ್ತದಾನಿಯನ್ನು ಹುಡುಕಿಕೊಡುವುದೂ ಅದೇ. ಬೇಕಾದುದು ಸಣ್ಣ ಶಿಸ್ತು. ಇದು ಎಲ್ಲಿಂದ ಬಂತು, ಯಾವಾಗಿನದು, ಸುಳ್ಳಾದರೆ ಯಾರಿಗೆ ನೋವು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಸಂದೇಶ ನಮ್ಮಲ್ಲೇ ನಿಲ್ಲಲಿ. ಮನೆಯ ಹಿರಿಯರು ಕಳುಹಿಸಿದ್ದನ್ನು ಮೊಮ್ಮಗಳು ಮೆಲ್ಲನೆ ಪ್ರಶ್ನಿಸಿದರೆ ಅದನ್ನು ಅವಿಧೇಯತೆಯೆಂದು ಎಣಿಸದಿರೋಣ. ಜಮಾಅತ್ ಸಮಿತಿಗಳು ತಮ್ಮ ಗುಂಪುಗಳಲ್ಲಿ ಅಪವಾದಕ್ಕೆ ಅವಕಾಶವಿಲ್ಲವೆಂದು ನಿರ್ಣಯಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಹಂಚಿದವರು ಅದೇ ಗುಂಪಿನಲ್ಲಿ, ಅಷ್ಟೇ ಬಹಿರಂಗವಾಗಿ ತಿದ್ದಿಕೊಳ್ಳಲಿ.

ಆ ರಾತ್ರಿ ನಾವೂ ಐದು ಗುಂಪುಗಳಿಗೆ ಬರೆದೆವು: ಮಗು ಸಿಕ್ಕಿದೆ, ವಿಚಾರಿಸದೆ ಕಳುಹಿಸಿದ್ದು ನಮ್ಮ ತಪ್ಪು, ದಯವಿಟ್ಟು ಅಳಿಸಿರಿ. ಉತ್ತರಿಸಿದವರು ಇಬ್ಬರೇ. ಕೆಲವೇ ವಾರಗಳಲ್ಲಿ ಅದೇ ಭಾವಚಿತ್ರ ಬೇರೊಂದು ಗುಂಪಿನಿಂದ ನಮ್ಮ ಮೊಬೈಲಿಗೆ ಮರಳಿ ಬಂತು. ನಾವು ಬಿಟ್ಟ ಬಾಣವೇ ಸುತ್ತಿ ಬಂದಿತೋ, ಬೇರೊಬ್ಬರದ್ದೋ ತಿಳಿಯುವ ದಾರಿಯಿಲ್ಲ. ಆ ತಾಯಿಯ ಫೋನು ಇಂದು ರಾತ್ರಿಯೂ ರಿಂಗಣಿಸುತ್ತಿರಬಹುದು. ಆಕೆ ಅಂದು ಕೇಳಿದ ಪ್ರಶ್ನೆಯನ್ನು, ಮುಂದಿನ ಸಂದೇಶವನ್ನು ದಾಟಿಸುವ ಮುನ್ನ, ನಮಗೆ ನಾವೇ ಕೇಳಿಕೊಳ್ಳೋಣ.