ಪದವಿಚಾರ: ಕಲೆಯೂ ಬರೆಯೂ

ಮಕ್ಕಳ ಇಂಗ್ಲಿಷ್ ಪಾಠದಲ್ಲಿ ಸ್ಟೇನ್, ಬ್ಲಾಟ್, ಟೇಂಟ್, ಬ್ರ್ಯಾಂಡ್, ಸ್ಟಿಗ್ಮಾ ಎಂಬ ಮಾತುಗಳು ಬಂದರೆ ನಾವು ಎಲ್ಲಕ್ಕೂ ‘ಕಳಂಕ’ ಎಂದುಬಿಡುತ್ತೇವೆ. ಅಷ್ಟು ಸಾಲದು.

ಸ್ಟೇನ್ ಬಟ್ಟೆಗೆ ಹತ್ತಿದ ಕಲೆ. ಬ್ಲಾಟ್ ಹಾಳೆಯ ಮೇಲೆ ಚೆಲ್ಲಿದ ಮಸಿ. ಇವು ಬಹುಮಟ್ಟಿಗೆ ನಮ್ಮ ಕೈಯಿಂದಲೇ ಆಗುವಂಥವು. ಟೇಂಟ್ ಒಳಗೇ ಹರಡುವ ಕೆಡುಕು, ಕೊಡ ಹಾಲಿಗೆ ತೊಟ್ಟು ಹುಳಿ ಬಿದ್ದಂತೆ. ಬ್ರ್ಯಾಂಡ್ ಕಾದ ಕಬ್ಬಿಣದಿಂದ ಎಳೆದ ಬರೆ. ಸ್ಟಿಗ್ಮಾ ಗ್ರೀಕರ ಮಾತು. ಗುಲಾಮರ, ಅಪರಾಧಿಗಳ ಮೈಮೇಲೆ ಚುಚ್ಚುತ್ತಿದ್ದ ಗುರುತು ಅದು. ಈಗ ಅದು ಮೈಮೇಲಿಲ್ಲ, ನೋಡುವವರ ಕಣ್ಣಿನಲ್ಲಿದೆ. ಕೊನೆಯ ಇವೆರಡನ್ನೂ ಒತ್ತುವವರು ಪರರು.

ನಮ್ಮ ದೇಶದ್ದೇ ಒಂದು ನಿದರ್ಶನ ನೋಡೋಣ. 1871ರಲ್ಲಿ ಬ್ರಿಟಿಷರ ಕಾನೂನೊಂದು ಕೆಲವು ಬುಡಕಟ್ಟುಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. ಅದು ಬ್ರ್ಯಾಂಡ್. 1952ರಲ್ಲಿ ಆ ಬಗೆಯ ಕಾನೂನು ರದ್ದಾಯಿತು. ಜನರ ಸಂಶಯ ಮಾತ್ರ ಇನ್ನೂ ಪೂರ್ತಿ ಅಳಿದಿಲ್ಲ. ಅದು ಸ್ಟಿಗ್ಮಾ.

ಮನೆಯಲ್ಲಿಯೂ ಹೀಗೆಯೇ ಅಲ್ಲವೆ? ಮಗುವಿನ ಲೆಕ್ಕ ತಪ್ಪಿದರೆ ಅದು ಹಾಳೆಯ ಮೇಲಿನ ಮಸಿ. ‘ದಡ್ಡ’ ಎಂದು ನಾವು ಕರೆದರೆ ಅದು ಬರೆ. ಮೊದಲನೆಯದನ್ನು ಮಗು ನಾಳೆ ತಾನೇ ತಿದ್ದಿಕೊಂಡೀತು. ಎರಡನೆಯದನ್ನು, ಎಳೆದ ನಾವೇ ಅಳಿಸಬೇಕು.