ತೋಳು ಸಣ್ಣ ಮಾಡಿಸೋಕೆ ಕಂತಿನ ಸಾಲ, ಯಾರ ಕಣ್ಣಿಗಾಗಿ?

ಹಗರೆಯಲ್ಲಿ ಹಳೇಬೀಡು ಬಸ್ಸಿಗೆ ಕಾಯುತ್ತ ಫೋನ್ ತೆಗೆದರೆ ಮೊದಲು ಕಾಣುವುದು ಮಳೆ ಸುದ್ದಿಯೂ ಅಲ್ಲ, ಶುಂಠಿ ರೇಟೂ ಅಲ್ಲ. ಒಂದು ತೋಳು. ಎಡಗಡೆ ದಪ್ಪ, ಬಲಗಡೆ ಸಣ್ಣ. ಕೆಳಗೆ 'ಬೆಳಿಗ್ಗೆ ಬನ್ನಿ, ಸಂಜೆ ಮನೆಗೆ ಹೋಗಿ, ಸುಲಭ ಕಂತು' ಅನ್ನುವ ಸಾಲು. ಒಂದು ಸಲ ಅದರ ಮೇಲೆ ಬೆರಳು ಇಟ್ಟರೆ ಮುಗಿಯಿತು, ವಾರವಿಡೀ ಅದೇ ತೋಳು ಹಿಂದೆ ಬೀಳುತ್ತದೆ. ಲಗ್ನದ ಕಾಲದಲ್ಲಂತೂ ಕೇಳುವುದೇ ಬೇಡ.

ಅಕ್ಕತಂಗಿಯರೇ, ನಿಶ್ಚಿತಾರ್ಥ ಆದ ಹುಡುಗಿಯರು ನಮ್ಮನ್ನು ಕೇಳುತ್ತಿದ್ದಾರೆ: 'ಬೆಂಗಳೂರಲ್ಲಿ ಮಾಡ್ತಾರಂತೆ, ಮಾಡಿಸ್ಕೊಬೋದಾ?' ನಾವು ಡಾಕ್ಟರಲ್ಲ, ಪತ್ರಿಕೋದ್ಯಮ ಓದಿದವರು. ಆದರೂ ನಮ್ಮ ಮಾತು ನೇರ. ಆರೋಗ್ಯವಾಗಿರುವ ಹುಡುಗಿ ಮದುವೆ ಫೋಟೋಗಾಗಿ ತೋಳು ಕೊಯ್ಸಿಕೊಳ್ಳುವುದು ಬೇಡ. ಇದನ್ನು ಸೀರೆ ಮಾರಿದ ಹಾಗೆ ಮಾರುವವರನ್ನು ಕೇಳಬೇಕಾದವರು ಕೇಳುತ್ತಿಲ್ಲ.

ಮೊದಲು ಆಪರೇಷನ್ ಏನು ಅಂತ ತಿಳಿಯೋಣ. ಜಾಹೀರಾತಿನಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಎರಡು ಬಗೆ ಇದೆ. ಒಂದು ಲೈಪೊಸಕ್ಷನ್. ಚರ್ಮದಲ್ಲಿ ಸಣ್ಣ ತೂತು ಮಾಡಿ, ಮರಗಟ್ಟಿಸುವ ಔಷಧಿ ಬೆರೆಸಿದ ದ್ರವ ತುಂಬಿ, ಕೊಳವೆ ಆಡಿಸಿ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಕೊಬ್ಬು ಹೋಗುತ್ತದೆ, ಜೋತುಬಿದ್ದ ಚರ್ಮ ಹೋಗುವುದಿಲ್ಲ. ಚರ್ಮವೂ ಹೋಗಬೇಕಾದರೆ ಎರಡನೆಯದು, ಬ್ರೇಕಿಯೋಪ್ಲಾಸ್ಟಿ. ತೋಳಿನ ಒಳಮೈಯನ್ನು ಸಾಮಾನ್ಯವಾಗಿ ಕಂಕುಳಿಂದ ಮೊಣಕೈವರೆಗೆ ಸೀಳಿ, ಹೆಚ್ಚಿನ ಚರ್ಮ ಕತ್ತರಿಸಿ ಹೊಲಿಯುತ್ತಾರೆ. ಆ ಗಾಯದ ಗುರುತು ಜೀವನಪೂರ್ತಿ ಉಳಿಯುತ್ತದೆ. ನಮ್ಮಂಥ ಕಪ್ಪು, ಗೋಧಿ ಬಣ್ಣದ ಮೈಯಲ್ಲಿ ಗಾಯ ಉಬ್ಬಿ ಗಂಟಾಗುವ ಸಂಭವ ಬಿಳಿ ಮೈಯವರಿಗಿಂತ ಹೆಚ್ಚು. ಸ್ಲೀವ್‌ಲೆಸ್ ಹಾಕಬೇಕು ಅಂತ ಹೋದವಳು ಗುರುತು ಮುಚ್ಚಲು ಉದ್ದ ತೋಳಿನ ರವಿಕೆ ಹುಡುಕುವ ಹಾಗಾದರೆ ಯಾರನ್ನು ಕೇಳುವುದು? ಅಲ್ಲೇ ಹಾದುಹೋಗುವ ನರಕ್ಕೆ ಪೆಟ್ಟಾದರೆ ಮುಂಗೈ ಮರಗಟ್ಟುತ್ತದೆ. ನೀರು ತುಂಬಿಕೊಳ್ಳಬಹುದು, ಕೀವಾಗಬಹುದು. ಅಪರೂಪಕ್ಕೆ ಕೊಬ್ಬಿನ ಕಣವೋ ರಕ್ತದ ಗರಣೆಯೋ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು.

ಇನ್ನೊಂದು, ವಾರಗಟ್ಟಲೆ ಬಿಗಿಯಾದ ಪಟ್ಟಿ ಹಾಕಿಕೊಂಡಿರಬೇಕು. ಹೊಲಿಗೆ ಹಾಕಿದ್ದರೆ ತಿಂಗಳು, ಒಂದೂವರೆ ತಿಂಗಳು ಭಾರ ಎತ್ತಬಾರದು. ಬೆಂಗಳೂರಿನ ಆಫೀಸಿನವರಿಗೆ ಅದು ರಜೆ. ನಮ್ಮಲ್ಲಿ ಅಷ್ಟು ದಿನ ಬಿಂದಿಗೆ ಹೊರುವುದು, ಹಾಲು ಕರೆದು ಡೇರಿಗೆ ಹಾಕುವುದು, ಹುಲ್ಲಿನ ಹೊರೆ ಎತ್ತುವುದು ಯಾರು? ಅವರವ್ವ. ಅವಳ ತೋಳನ್ನು ಯಾರೂ ಅಳತೆ ಮಾಡಿಲ್ಲ.

2022ರ ಮೇ 16 ನೆನಪಿದೆಯಾ? ಅವತ್ತು ಬೆಂಗಳೂರಿನಲ್ಲಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು 21. 'ಗೀತಾ', 'ದೊರೆಸಾನಿ' ಧಾರಾವಾಹಿಗಳಲ್ಲಿ ನಟಿಸಿದ್ದವರು, ನಮ್ಮ ಮನೆ ಟಿವಿಯಲ್ಲೂ ಬಂದಿದ್ದವರು. ಬೊಜ್ಜು ತೆಗೆಸಲು ರಾಜಾಜಿನಗರದ ಕಡೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದರು. ಉಸಿರಾಟ ಕೆಟ್ಟಿತು, ಬೇರೆ ಆಸ್ಪತ್ರೆಗೆ ಕರೆದೊಯ್ದರೂ ಜೀವ ಉಳಿಯಲಿಲ್ಲ. ಹೆತ್ತವರಿಗೆ ಹೇಳದೆ ಸ್ನೇಹಿತರ ಜೊತೆ ಹೋಗಿದ್ದರು ಅಂತ ಆಗ ಸುದ್ದಿಯಾಯಿತು. ಡಾಕ್ಟರ ನಿರ್ಲಕ್ಷ್ಯವೇ ಕಾರಣ ಅಂತ ಮನೆಯವರು ದೂರಿದರು, ಆರೋಗ್ಯ ಇಲಾಖೆ ನೋಟಿಸ್ ಕೊಟ್ಟಿತು. ಅದಕ್ಕೂ ಮುಂಚೆ, 2015ರ ಜೂನ್‌ನಲ್ಲಿ, ತೆಲುಗಿನ ನಟಿ ಆರತಿ ಅಗರ್ವಾಲ್ ಅಮೆರಿಕದಲ್ಲಿ 31ನೇ ವಯಸ್ಸಿಗೆ ಹೋದರು. ಕೆಲವು ವಾರದ ಹಿಂದಷ್ಟೇ ಲೈಪೊಸಕ್ಷನ್ ಮಾಡಿಸಿಕೊಂಡಿದ್ದರು.

ಕೆಲವರು ಆಗಲೂ ಆ ಹುಡುಗಿಯನ್ನೇ ಬೈದರು. 'ಸಣ್ಣಗೇ ಇದ್ಲಲ್ಲ, ಏನು ಕೊಬ್ಬು ಅಂತ ಹೋದ್ಲೋ' ಅಂದರು. ನಾವು ಹಾಗೆ ಹೇಳುವುದಿಲ್ಲ. ದಪ್ಪಗಾದರೆ ಪಾತ್ರ ಕೈತಪ್ಪುವ ಕಸುಬಿನಲ್ಲಿ 21 ವರ್ಷದವಳು ಹೆದರಿದ್ದರೆ ಆ ಹೆದರಿಕೆ ಹುಟ್ಟಿಸಿದವರು ಬೇರೆ. ನಮ್ಮೂರಿನಲ್ಲೂ ಅಷ್ಟೇ. ಹೆಣ್ಣು ನೋಡೋಕೆ ಬಂದವರು ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಹೊಸಿಲು ದಾಟುವಾಗ ಒಂದು ಮಾತು ಬಿಟ್ಟು ಹೋಗುತ್ತಾರೆ: 'ಹುಡ್ಗಿ ಲಕ್ಷಣವಾಗವ್ಳೆ, ತೋಳು ಒಸಿ ದಪ್ಪ.' ಆಡಿದವರಿಗೆ ಬಸ್ಸು ಹತ್ತುವಷ್ಟರಲ್ಲಿ ಮರೆತುಹೋಗುತ್ತದೆ, ಹುಡುಗಿ ಮಾತ್ರ ಅದನ್ನು ವರ್ಷಗಟ್ಟಲೆ ಹೊರುತ್ತಾಳೆ. ಅತ್ತೆ, ಚಿಕ್ಕಮ್ಮ, ಬ್ರೋಕರ್ ಅಂಕಲ್, ಎಲ್ಲರೂ ಇದರಲ್ಲಿ ಪಾಲುದಾರರು. ಗಂಡಿನ ಹೊಟ್ಟೆ ಪಂಚೆ ದಾಟಿ ಮುಂದೆ ಬಂದಿದ್ದರೆ ಅದು 'ಮನೆ ಕಡೆ ಅನುಕೂಲ' ಅನ್ನುವುದಕ್ಕೆ ಗುರುತು!

(ರೆಡಿಮೇಡ್ ಕುರ್ತಾ ಹೊಲಿಯುವವರ ಮೇಲೂ ನಮಗೆ ಸಿಟ್ಟಿದೆ. ಮೈ ಸರಿಹೋದರೆ ತೋಳು ಬಿಗಿ, ತೋಳು ಸರಿಹೋದರೆ ಮೈ ಜೋಳಿಗೆ. ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವ ಊರಿನ ಟೈಲರಕ್ಕನಿಗೆ ಸಿಕ್ಕುವ ಪರಿಹಾರ ಆ ಕಂಪನಿಗಳಿಗೆ ಯಾಕೆ ಸಿಗುವುದಿಲ್ಲವೋ.)

'ನಮ್ಮ ಮೈ, ನಮ್ಮ ದುಡ್ಡು, ನಿಮಗೇನು?' ಅನ್ನುವವರಿದ್ದಾರೆ. ಮಾತು ಸರಿ. ಆದರೆ ದುಡ್ಡು ನಮ್ಮದಾ? ಸಾಲದ ಕಂಪನಿಯದು. ಇದು ಲಕ್ಷದ ಲೆಕ್ಕದ ಬಾಬತ್ತು. ಅಂದ ಹೆಚ್ಚಿಸುವ ಆಪರೇಷನ್ನಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಬರುವುದಿಲ್ಲ. ಡಾಕ್ಟರ ಚಿಕಿತ್ಸೆಗೆ ಇರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಹುಟ್ಟಿನಿಂದ ಬಂದ ಊನ, ಸುಟ್ಟ ಗಾಯ, ಅಪಘಾತದಿಂದ ಕೆಟ್ಟ ಅಂಗವನ್ನು ಸರಿಮಾಡುವುದಾದರೆ ಮಾತ್ರ ವಿನಾಯಿತಿ. ಅಂದರೆ ಸರ್ಕಾರವೇ ಇದನ್ನು ಚಿಕಿತ್ಸೆ ಅಂತ ಒಪ್ಪಿಲ್ಲ. ಫೋನಿನಲ್ಲಿ ಮಾತ್ರ ಅದು 'ಟ್ರೀಟ್‌ಮೆಂಟ್'.

ಬೇಕಾದವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ತುಂಬಾ ತೂಕ ಇಳಿದು ತೋಳಿನ ಚರ್ಮ ಚೀಲದ ಹಾಗೆ ಜೋತು, ಬೆವರಿಗೆ ಹುಣ್ಣಾಗುವವರು ಇದ್ದಾರೆ. ಅವರು ಒಳ್ಳೆಯ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗುವುದರಲ್ಲಿ ತಪ್ಪಿಲ್ಲ. ಒಂದೇ ತೋಳು ಊದಿಕೊಂಡರೆ, ಅದರಲ್ಲೂ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಆದವರಿಗೆ ಊದಿಕೊಂಡರೆ, ಅದು ಕೊಬ್ಬಲ್ಲ, ತಡಮಾಡದೆ ತೋರಿಸಬೇಕು. ಇದ್ದಕ್ಕಿದ್ದಂತೆ ಮೈಯೆಲ್ಲ ದಪ್ಪವಾದರೆ ಬೇಲೂರು ತಾಲ್ಲೂಕು ಆಸ್ಪತ್ರೆಗೋ ಹಾಸನದ ಹಿಮ್ಸ್‌ಗೋ ಹೋಗಿ ಥೈರಾಯ್ಡ್ ಬಗ್ಗೆ ಕೇಳಿ. ಮಿಕ್ಕಂತೆ ತೋಳಿನ ಆಕಾರ ಬಹುಪಾಲು ಅಮ್ಮನಿಂದ, ಅಜ್ಜಿಯಿಂದ ಬಂದದ್ದು. ತೋಳಿಗೆ ಮಾತ್ರ ವ್ಯಾಯಾಮ ಮಾಡಿ ತೋಳಿನ ಕೊಬ್ಬು ಮಾತ್ರ ಕರಗಿಸುತ್ತೇವೆ ಅನ್ನುವ ವಿಡಿಯೋಗಳೂ ಸುಳ್ಳೇ. ಇಡೀ ಮೈ ಇಳಿದರೆ ತೋಳೂ ಇಳಿಯುತ್ತದೆ, ಅದು ನಿಧಾನ. ಲೈಪೊಸಕ್ಷನ್ ಕೂಡ ತೂಕ ಇಳಿಸುವ ದಾರಿಯಲ್ಲ. ಆಮೇಲೆ ತೂಕ ಏರಿದರೆ ಉಳಿದ ಕೊಬ್ಬಿನ ಕಣಗಳು ಮತ್ತೆ ಊದುತ್ತವೆ.

ಬೇಲೂರಿಗೆ ಹೋಗುವವರು ಹಗರೆ ದಾಟಿಯೇ ಹೋಗುತ್ತಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿ ನೋಡಿ, ಕನ್ನಡಿ ಹಿಡಿದ ಶಿಲಾಬಾಲಿಕೆ ಎದುರು ಸೆಲ್ಫಿ ತೆಗೆದು ಬರುತ್ತಾರೆ. ಮುಂದಿನ ಸಲ ಆ ಬಾಲಿಕೆಯರ ತೋಳು ನೋಡಿ. ದುಂಡಗೆ, ತುಂಬಿಕೊಂಡು, ತೋಳಬಂದಿ ಬಿಗಿಯಾಗಿ ಕೂತಿದೆ. 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿಸುವಾಗ ಯಾರೂ 'ತೋಳು ಒಸಿ ದಪ್ಪ' ಅನ್ನಲಿಲ್ಲ. ಹಾಗಂತ ಅವರ ಸೊಂಟ ತೋರಿಸಿ ಇನ್ನೊಬ್ಬರು ಬೇರೆ ಆಪರೇಷನ್ ಮಾರಬಹುದು, ಅದಕ್ಕೆ ಈ ವಾದವನ್ನು ನಾವು ಜಾಸ್ತಿ ಎಳೆಯುವುದಿಲ್ಲ.

ಈಗ ಕಾನೂನಿಗೆ ಬರೋಣ, ನಮ್ಮ ಜಗಳ ಇರುವುದು ಅಲ್ಲಿ. ರೋಗಿಗಳನ್ನು ಕರೆದು ಸೆಳೆಯುವುದು ಡಾಕ್ಟರಿಗೂ ಸಂಸ್ಥೆಗೂ ಅನೈತಿಕ ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಬೊಜ್ಜು ಇಳಿಸುತ್ತೇವೆ ಅಂತ ಔಷಧಿ ಜಾಹೀರಾತು ಹಾಕುವುದನ್ನು 1954ರ ಕಾಯ್ದೆಯೇ ತಡೆದಿದೆ. ಯೂಟ್ಯೂಬ್ ನೋಡಿ, ಕಾರ್ಯಾಗಾರದಲ್ಲಿ ಕೂತು ಕಲಿತದ್ದು ಅಂದದ ಚಿಕಿತ್ಸೆ ಮಾಡಲು ಸಾಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದು ಹೇಳಬೇಕಾಯಿತು. ಬರೆಯಬೇಕಾಯಿತು ಅಂದರೆ ಅಂಥವರು ಇದ್ದಾರೆ ಅಂತಲೇ ಅರ್ಥ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಜನ ಕೆಪಿಎಂಇ ಅನ್ನುತ್ತಾರೆ. ಕ್ಲಿನಿಕ್ ನೋಂದಣಿ ಆಗಿರಬೇಕು, ಆ ಪತ್ರ ಮತ್ತು ದರಪಟ್ಟಿ ಕಣ್ಣಿಗೆ ಕಾಣುವಂತೆ ಇರಬೇಕು. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಇಷ್ಟೆಲ್ಲ ಇದ್ದೂ ಆ ತೋಳಿನ ಜಾಹೀರಾತು ನಮ್ಮ ಫೋನಿಗೆ ದಿನಾ ಬರುತ್ತಿದೆ.

ಇಷ್ಟಾದ ಮೇಲೂ ಹೋಗಿಯೇ ಹೋಗುತ್ತೇನೆ ಅನ್ನುವವರು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ನಾಚದೆ ಕೇಳಿ: ಆಪರೇಷನ್ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ್ದಾರಾ? ಅವರ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನಂಬರ್ ಎಷ್ಟು? ಅರಿವಳಿಕೆ ಡಾಕ್ಟರು ಯಾರು, ಪೂರ್ತಿ ಹೊತ್ತು ಇರುತ್ತಾರಾ? ಉಸಿರು ಕಟ್ಟಿದರೆ ಐಸಿಯು ಇದೇ ಕಟ್ಟಡದಲ್ಲಿದೆಯಾ, ಆಂಬುಲೆನ್ಸ್ ಹತ್ತಬೇಕಾ? 'ಅದೆಲ್ಲ ಯಾಕೆ ಮೇಡಂ, ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್' ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ.

ಹಾಸನ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ಒಂದೇ. ಜಿಲ್ಲೆಯಲ್ಲಿ ಇಂಥ ಚಿಕಿತ್ಸೆಗೆ ನೋಂದಣಿ ಇರುವ ಕ್ಲಿನಿಕ್ ಯಾವುವು, ಅಲ್ಲಿ ಡಾಕ್ಟರು ಯಾರು ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ, ಫೋನಿನಲ್ಲಿ ಓದುವ ಹಾಗೆ ಹಾಕಿ. ಓದುಗರೇ, ನಿಮ್ಮ ಫೋನಿಗೆ ಬರುವ ತೋಳಿನ ಜಾಹೀರಾತಿನ ಸ್ಕ್ರೀನ್‌ಶಾಟ್ ನಮಗೆ ಕಳಿಸಿ. ಆ ನಂಬರಿಗೆ ನಾವೇ ಫೋನ್ ಮಾಡಿ ಮೇಲಿನ ಪ್ರಶ್ನೆಗಳನ್ನು ಕೇಳುತ್ತೇವೆ, ಅವರು ಕೊಟ್ಟ ಉತ್ತರವನ್ನು ಇದ್ದ ಹಾಗೇ ಇಲ್ಲಿ ಹಾಕುತ್ತೇವೆ.