ಗೊಂಬೆ ಮನೆಗೆ ಬಣ್ಣ ಮೊದಲು, ಅಂಟು ಆಮೇಲೆ

ರಜೆ ಬಂತೆಂದರೆ ಮಕ್ಕಳನ್ನು ಟಿ.ವಿ., ಮೊಬೈಲಿನ ಮುಂದಿನಿಂದ ಎಬ್ಬಿಸುವುದು ಹೇಗೆ ಎಂಬುದೇ ಅಮ್ಮಂದಿರ ದೊಡ್ಡ ಚಿಂತೆ. ಬಾಗಲಕೋಟೆಯಲ್ಲಿರಲಿ, ಹುನಗುಂದದಲ್ಲಿರಲಿ, ಈಗ ಗೊಂಬೆ ಮನೆಯ ಕಿಟ್ ಕುಳಿತಲ್ಲೇ ತರಿಸಿಕೊಳ್ಳಬಹುದು. ತೆಳು ಪ್ಲೈವುಡ್ಡಿನಲ್ಲೋ ಎಂಡಿಎಫ್ ಹಲಗೆಯಲ್ಲೋ ಗೋಡೆ, ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಕತ್ತರಿಸಿಟ್ಟ ಪೆಟ್ಟಿಗೆ ಅದು. ಜೋಡಿಸಿ, ಅಂಟಿಸಿ, ಬಣ್ಣ ಹಚ್ಚಿದರೆ ಮನೆ ಸಿದ್ಧ. ಮೇಲಿನ ಚಿತ್ರ ನೋಡಿದರೆ ಸಂಜೆಯೊಳಗೆ ಮುಗಿಯುವ ಕೆಲಸ ಅನಿಸುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಅದು ಅರ್ಧಕ್ಕೇ ನಿಂತು ಅಟ್ಟ ಸೇರುತ್ತದೆ. ಗೋಡೆ ಸೊಟ್ಟ, ಕೋಣೆಯೊಳಗೆ ಬ್ರಷ್ ಹೋಗುವುದಿಲ್ಲ, ಕಿಟಕಿಗೆಲ್ಲ ಅಂಟಿನ ಕಲೆ. ದುಡ್ಡು ಹೋದರೆ ಹೋಗಲಿ. "ನನಗ ಇಂಥಾವೆಲ್ಲಾ ಬರೂದಿಲ್ಲ ಬಿಡವ್ವಾ" ಎಂದು ಮಗು ಎದ್ದು ಹೋಗುತ್ತದಲ್ಲ, ಆ ಮಾತು ಅದರ ಮನಸ್ಸಿನಲ್ಲಿ ಉಳಿದುಬಿಟ್ಟರೆ ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಕೆಡಿಸುವುದು ಮಗುವಿನ ಕೈಯಲ್ಲ, ದೊಡ್ಡವರ ಅವಸರ. ಮನೆ ಎದ್ದು ನಿಂತದ್ದನ್ನು ಬೇಗ ನೋಡಬೇಕೆಂದು ಮೊದಲೇ ಅಂಟಿಸಿಬಿಡುತ್ತೇವೆ. ಬಣ್ಣ ಮೊದಲು, ಅಂಟು ಆಮೇಲೆ, ನಡುವೆ ಒಂದು ದಿನದ ತಾಳ್ಮೆ. ಇಷ್ಟು ಪಾಲಿಸಿದರೆ ಮೊದಲ ಸಲ ಮಾಡುವವರ ಗೊಂಬೆ ಮನೆಯೂ ಚೆಂದ ಆಗುತ್ತದೆ.

ಇದೇನೂ ನಮಗೆ ಹೊಸದಲ್ಲ. ಇಳಕಲ್ ಸೀರೆಯನ್ನೇ ನೋಡಿ. ನೂಲಿಗೆ ಮೊದಲು ಬಣ್ಣ. ಆಮೇಲೆ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಅದಕ್ಕೇ ಮೈಯ ಬಣ್ಣ ಸೆರಗಿಗೆ ಕಲಸುವುದಿಲ್ಲ.

"ಹಂಗಾದ್ರ ಕಿನ್ನಾಳದವರು ಮೊದಲು ಅಂಟಿಸಿ, ಆಮ್ಯಾಲೆ ಬಣ್ಣಾ ಹಚ್ಚತಾರಲ್ರಿ?" ಎಂದು ನೀವು ಕೇಳಬಹುದು. ನಿಜ. ಇಳಕಲ್ಲಿನಿಂದ ಕುಷ್ಟಗಿ ದಾಟಿ ಕೊಪ್ಪಳದ ಕಡೆ ಹೋದರೆ ಸಿಗುವ ಕಿನ್ನಾಳದಲ್ಲಿ ಹಗುರ ಮರದ ಬಿಡಿ ಭಾಗಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಮೊದಲು ಕೂಡಿಸುತ್ತಾರೆ. ಸೆಣಬಿನ ಚಿಂದಿ, ಮರದ ಹುಡಿ, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಮೇಲೆಲ್ಲ ಮೆತ್ತಿ ಸಂದು ಮುಚ್ಚಿದ ಮೇಲೆಯೇ ಬಣ್ಣ. ಗೊಂಬೆಗೆ ಅದೇ ಸರಿ, ಏಕೆಂದರೆ ಗೊಂಬೆಗೆ ಹೊರಮೈ ಮಾತ್ರ ಇದೆ. ಮನೆಗೆ ಒಳಗೂ ಇದೆ! ನಾಲ್ಕು ಬೆರಳು ಅಗಲದ ಕೋಣೆಯ ಮೂಲೆಗೆ ಆಮೇಲೆ ಯಾವ ಬ್ರಷ್ ತೂರುತ್ತದೆ? ಬ್ರಷ್ ಎಲ್ಲಿ ತಲುಪುವುದಿಲ್ಲವೋ ಅಲ್ಲಿಗೆ ಬಣ್ಣ ಮೊದಲೇ ಹೋಗಿರಬೇಕು, ಅಷ್ಟೇ ಸೂತ್ರ.

ಪೆಟ್ಟಿಗೆ ತೆರೆದ ದಿನ ಅಂಟಿನ ಮುಚ್ಚಳ ತೆಗೆಯಲೇಬೇಡಿ. ಭಾಗಗಳನ್ನು ಎಣಿಸಿ, ಅಂಟಿನೊಳಗೆ ಮುಚ್ಚಿಹೋಗುವ ಅಂಚಿನಲ್ಲಿ ಪೆನ್ಸಿಲಿನಿಂದ ನಂಬರು ಬರೆಯಿರಿ. ಮಾಸ್ಕಿಂಗ್ ಟೇಪ್ ಹಚ್ಚಿ ಇಡೀ ಮನೆಯನ್ನು ಒಮ್ಮೆ ಒಣದಾಗಿ ನಿಲ್ಲಿಸಿ ನೋಡಿ. ಐಹೊಳೆ, ಪಟ್ಟದಕಲ್ಲುಗಳಲ್ಲಿ ಚಾಲುಕ್ಯರ ಕಾಲದವರು ಗಾರೆಯನ್ನೇ ಹಾಕದೆ ಕಲ್ಲಿಗೆ ಕಲ್ಲು ಹೊಂದಿಸಿ ಗುಡಿ ಕಟ್ಟಿದ ನಾಡು ನಮ್ಮದು. ಒಣದಾಗಿ ಕೂಡದ ಗೋಡೆ ಅಂಟು ಹಾಕಿದರೂ ಕೂಡುವುದಿಲ್ಲ. ಬಿಗಿಯಾದ ಕಡೆ 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ, ಬಿಚ್ಚಿಡಿ.

ಮರುದಿನ ಬಣ್ಣ. ಎಂಡಿಎಫ್ ಹಲಗೆಯ ಕತ್ತರಿಸಿದ ಅಂಚು ನೀರನ್ನು ಹೀರಿ ಉಬ್ಬುತ್ತದೆ, ಅದಕ್ಕೆ ಮೊದಲು ತೆಳ್ಳಗೆ ಪ್ರೈಮರ್ ಹಚ್ಚಿ. ತೆಳು ಪ್ಲೈವುಡ್ಡಿನ ಒಂದೇ ಮಗ್ಗುಲಿಗೆ ನೀರಿನ ಬಣ್ಣ ಬಿದ್ದರೆ ಹಪ್ಪಳದಂತೆ ಬಾಗುತ್ತದೆ. ಎರಡೂ ಕಡೆ ಹಚ್ಚಿ, ಪೂರ್ತಿ ಆರಿದ ಮೇಲೆ ಭಾರದ ಪುಸ್ತಕದ ಕೆಳಗಿಡಿ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಮೇಲು. ಮಕ್ಕಳ ಕೈಗೆ ಅಕ್ರಿಲಿಕ್ ಬಣ್ಣ ಸಾಕು, ವಾಸನೆ ಕಡಿಮೆ, ಹಸಿ ಇದ್ದಾಗ ನೀರಿನಲ್ಲೇ ತೊಳೆಯಬಹುದು. ಮುಖ್ಯ ಮಾತು ಇದು: ಅಂಟು ಬೀಳುವ ಅಂಚು ಮತ್ತು ಗಾಡಿಗಳಿಗೆ ಬಣ್ಣ ತಾಗಬಾರದು. ಫೆವಿಕಾಲ್‌ನಂಥ ಬಿಳಿ ಅಂಟು ಮರದ ನಾರಿನೊಳಗೆ ಇಳಿದು ಹಿಡಿಯುತ್ತದೆ. ನಡುವೆ ಬಣ್ಣವಿದ್ದರೆ ಅಂಟು ಹಿಡಿಯುವುದು ಬಣ್ಣವನ್ನೇ, ಮರವನ್ನಲ್ಲ. ಮೇಲಾಗಿ ಬಣ್ಣದ ದಪ್ಪಕ್ಕೆ ಗಾಡಿ ಬಿಗಿಯಾಗಿ, ನಿನ್ನೆ ಕೂಡಿದ ಗೋಡೆ ಇವತ್ತು ಕೂಡುವುದಿಲ್ಲ. ಆ ಜಾಗಕ್ಕೆ ಟೇಪ್ ಅಂಟಿಸಿಕೊಂಡರೆ ಚಿಂತೆಯಿಲ್ಲ.

ಮೂರನೆಯ ದಿನ ಅಂಟು. ಬಾಟಲಿಯಿಂದ ನೇರ ಸುರಿಯದೆ ಕಡ್ಡಿಯ ತುದಿಯಿಂದ ತೆಳ್ಳಗೆ ಹಚ್ಚಿ. ಹೊರಬಂದ ಅಂಟನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಬಟ್ಟೆ ಒಣಗಿಸುವ ಕ್ಲಿಪ್ಪು, ರಬ್ಬರ್ ಬ್ಯಾಂಡು ಹಾಕಿದರೆ ಹಿಡಿತಕ್ಕೆ ಸಾಕು. ದಪ್ಪ ಪುಸ್ತಕದ ಮೂಲೆಯನ್ನು ಗೋಡೆಯ ಮೂಲೆಗೆ ಒತ್ತಿಟ್ಟರೆ ಮನೆ ಸೊಟ್ಟಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಹಿಡಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಕಿಟಕಿಯ ಪ್ಲಾಸ್ಟಿಕ್ ಗಾಜು ಮತ್ತು ಛಾವಣಿ ಕೊನೆಗೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬ್ರಷ್ ತಲುಪುವ ಮೊದಲೇ ಬಣ್ಣ ಒಣಗುತ್ತದೆ, ಅಂಟು ಕೆನೆಗಟ್ಟುತ್ತದೆ. ಹಾಗಾಗಿ ಬೆಳಗಿನ ತಂಪು ಹೊತ್ತಿನಲ್ಲಿ, ಫ್ಯಾನಿನ ನೇರಕ್ಕೆ ಅಲ್ಲದ ಕಡೆ ಕುಳಿತುಕೊಳ್ಳಿ.

ಬೇಗ ಆಗಲೆಂದು ಫೆವಿಕ್ವಿಕ್‌ನಂಥ ಅಂಟನ್ನು ಮಕ್ಕಳ ಕೈಗೆ ಕೊಡಬೇಡಿ. ಅದು ಕ್ಷಣದಲ್ಲಿ ಹಿಡಿಯುವುದರಿಂದ ಸರಿಪಡಿಸಲು ಸಮಯವಿರುವುದಿಲ್ಲ, ಕಿಟಕಿಯ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಬ್ಬು ಬಿಡುತ್ತದೆ. ಹತ್ತಿ ಬಟ್ಟೆಯ ಮೇಲೆ ಹೆಚ್ಚು ಬಿದ್ದರೆ ಬಿಸಿಯೇರಿ ಚರ್ಮವನ್ನೂ ಸುಡಬಹುದು.

"ಏನವಾ, ಮನಿ ಕೆಲಸಾ ಬಿಟ್ಟು ಗೊಂಬಿ ಆಟ ಹಚ್ಚೀಯಲ್ಲ" ಎಂದು ಅತ್ತೆ ಅನ್ನಬಹುದು. ಅನ್ನಲಿ ಬಿಡಿ, ಅವರನ್ನೂ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಮಗಳಷ್ಟೇ ಅಲ್ಲ, ಮಗನಿಗೂ ಒಂದು ಬ್ರಷ್ ಕೊಡಿ. ಗೋಡೆಗೆ ಯಾವ ಬಣ್ಣ ಎಂಬ ಪ್ರಶ್ನೆ ಬಂದಾಗ ಪೆಟ್ಟಿಗೆಯ ಮೇಲಿನ ವಿದೇಶಿ ಮನೆಯ ಚಿತ್ರವನ್ನು ನೋಡುವ ಬದಲು, "ಅಜ್ಜೀ, ನಿಮ್ಮ ಹಳೇ ಮನಿ ಹೆಂಗಿತ್ತು?" ಎಂದು ಕೇಳಲು ಮಕ್ಕಳಿಗೆ ಹೇಳಿ. ಪಡಸಾಲೆ ಎಲ್ಲಿತ್ತು, ಬೆಳಕಿಂಡಿ ಎಷ್ಟಿದ್ದವು, ಗೋಡೆಗೆ ಸುಣ್ಣವೋ ಕೆಮ್ಮಣ್ಣೋ, ದೀಪ ಇಡುವ ಮಾಡ ಯಾವ ಕಡೆ, ಎಲ್ಲ ಹೊರಬರುತ್ತದೆ. ಇಳಿಜಾರು ಛಾವಣಿಯ ಬದಲು ದಪ್ಪ ರಟ್ಟು ಹಾಕಿದರೆ ನಮ್ಮ ಮಾಳಿಗೆ ಮನೆಯೇ ಆದೀತು. ಹಳೇ ಇಳಕಲ್ ಸೀರೆಯ ತುಂಡು ಬಾಗಿಲ ಪರದೆ, ಗುಳೇದಗುಡ್ಡದ ಖಣದ ಚೂರು ಹಾಸಿಗೆ. ಬಾದಾಮಿಯ ಕಲ್ಲಿನ ಕೆಂಪು ಬೇಕಾದರೆ ಕೆಂಪಿಗೆ ಚೂರು ಹಳದಿ, ಚೂರು ಕಂದು ಬೆರೆಸಿ, ಮೊದಲು ರಟ್ಟಿನ ಮೇಲೆ ಹಚ್ಚಿ ಅಜ್ಜಿಗೆ ತೋರಿಸಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇರುವುದರಿಂದ ಇನ್ನಷ್ಟು ಊರುಗಳವರು ಮನೆ ಬಿಡಬೇಕಾಗುತ್ತದೆ. ಪರಿಹಾರದ ಲೆಕ್ಕದಲ್ಲಿ ಗೋಡೆಯ ಅಳತೆ ಬರೆಯುತ್ತಾರೆ, ಅದರ ಬಣ್ಣ ಬರೆಯುವುದಿಲ್ಲ. ಆ ಬಣ್ಣ ಉಳಿದಿರುವುದು ನಮ್ಮ ಅಜ್ಜಿಯರ ನೆನಪಿನಲ್ಲಿ. ಅವರು ಎದುರಿಗೆ ಕುಳಿತು "ಅಲ್ಲವ್ವಾ, ಇನ್ನೂ ಸ್ವಲ್ಪ ತೆಳಗಿತ್ತು" ಎಂದು ತಿದ್ದುವಾಗ ಗೋಡೆಗಳು ಇನ್ನೂ ಬಿಡಿಯಾಗಿ ಚಾಪೆಯ ಮೇಲಿರಬೇಕು. ಅಂಟಿಸಿದ ಮೇಲೆ ತಿದ್ದಲು ಬರುವುದಿಲ್ಲ. ಈ ರಜೆಯಲ್ಲಿ ಕಿಟ್ ತಂದರೆ ಕನಿಷ್ಠ ನಾಲ್ಕು ದಿನ ಅದಕ್ಕೆಂದೇ ಎತ್ತಿಡಿ.